ಹೊಸ ಮಾಡೆಲ್ ಬರುವವರೆಗೆ

ಹನ್ನೊಂದನೇ ದಿನದ ತಿಥಿ ಕಳೆದ ಮಾರನೇ ಬೆಳಿಗ್ಗೆ, ಬೆಂಗಳೂರಿನ ಯಲಹಂಕದ ಹತ್ತಿರದ ಸಿಂಗಾಪುರವೆಂಬ ಊರಿನ ಆ ಮನೆಯಲ್ಲಿ ಯಾರೂ ಅಳಲಿಲ್ಲ. ಶಾಮಿಯಾನದವರು ಆರೂವರೆಗೆ ಬಂದು ಕಂಬ ಕಿತ್ತುಕೊಂಡು ಹೋದರು. ಎರಡನೇ ಮಹಡಿಯ ಬಾಡಿಗೆಯವರು ಇಷ್ಟು ದಿನ ತಡೆದುಕೊಂಡಿದ್ದ ಮಾತನ್ನು ಮೆಟ್ಟಿಲ ಮೇಲಿಂದಲೇ ಕೂಗಿ ಹೇಳಿದರು. ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ. ಅತ್ತೆ ಸುಬ್ಬಮ್ಮ ಎದ್ದು ಹೋಗಿ ಮೋಟಾರು ಹಾಕಿದರು. ವೇದಾ ಹಿಂದಿನ ದಿನ ಉಳಿದಿದ್ದ ವಡೆಯನ್ನು ಕಾಫಿಯ ಜೊತೆ ಮಾವನ ಮುಂದಿಟ್ಟಳು.

"ಬಿಸಿ ಮಾಡಿಲ್ವಾ?" ಎಂದು ಮುನಿಶಾಮಪ್ಪ ಗೊಣಗಿದರು.

ಗೊಣಗಿದ್ದು ಕೇಳಿ ಅವಳಿಗೆ ಒಂದು ಕ್ಷಣ ಹಾಯೆನಿಸಿತು. ಹನ್ನೊಂದು ದಿನ ಎಲ್ಲರೂ ಅವಳನ್ನು ಗಾಜಿನ ಪಾತ್ರೆಯ ಹಾಗೆ ನೋಡಿಕೊಂಡಿದ್ದರು. ವಡೆಯನ್ನು ಬಾಣಲೆಗೆ ಹಾಕಿ ಬಿಸಿ ಮಾಡಿ ಕೊಟ್ಟು, ರೂಮಿಗೆ ಹೋಗಿ ತೀರಿಕೊಂಡ ಗಂಡ ಶರತನ ಲ್ಯಾಪ್‌ಟಾಪ್ ತೆರೆದಳು.

ಹುಳಿ ಹಾಲಿನ ವಾಸನೆ ಬಂತು. ಕೀಲಿಗಳ ಸಂದಿಯಲ್ಲಿ ತುಪ್ಪ ಬೆಳ್ಳಗೆ ಹೆಪ್ಪುಗಟ್ಟಿತ್ತು. ಗುಂಡಿ ಒತ್ತಿದಳು. ಏನೂ ಆಗಲಿಲ್ಲ. ಚಾರ್ಜರ್ ಹಾಕಿ ಮತ್ತೆ ಒತ್ತಿದಳು.

ಹಿಂದಿನ ದಿನ ಸ್ಟುಡಿಯೋದವನು ಶರತನ ಫೋಟೋಕ್ಕೆ ಕಟ್ಟು ಹಾಕಿ ಕೊಡುವುದು ತಡವಾಗಿತ್ತು. ಎಡೆ ಇಡುವ ಹೊತ್ತು ಮೀರುತ್ತಿದೆ ಎಂದು ಮೈದುನ ಸುಬ್ರಮಣಿ ಲ್ಯಾಪ್‌ಟಾಪಿನಲ್ಲಿ ಅಣ್ಣನ ಫೋಟೋವನ್ನು ಪರದೆ ತುಂಬ ಬರುವ ಹಾಗೆ ಮಾಡಿ, ಹೂವಿನ ಹಾರ ಹಾಕಿ, ಬಾಳೆಲೆಯ ಮುಂದೆ ತೆರೆದಿಟ್ಟಿದ್ದ. ಈ ಮನೆಯ ಪದ್ಧತಿಯಲ್ಲಿ ಎಡೆಯ ಮುಂದೆ ಬಂದವರೆಲ್ಲ ಗರಿಕೆಯನ್ನು ಹಾಲುತುಪ್ಪದಲ್ಲಿ ಅದ್ದಿ ಸತ್ತವರ ಮುಂದೆ ಮೂರು ಸಲ ಬಿಡಬೇಕು. ನೂರಿಪ್ಪತ್ತು ಜನ ನೆಂಟರು ಬಂದಿದ್ದರು. ಶರತನ ಮುಖ ಇದ್ದದ್ದು ಲ್ಯಾಪ್‌ಟಾಪಿನಲ್ಲಿ. ಎಲ್ಲರೂ ಅಲ್ಲಿಗೇ ಬಿಟ್ಟರು. ಹುಣಸಮಾರನಹಳ್ಳಿಯ ಅಜ್ಜಿಯೊಬ್ಬರಂತೂ ಲೋಟವನ್ನೇ ಬಗ್ಗಿಸಿದ್ದರು. ನಡುವೆ ಪರದೆ ಆರಿಹೋದಾಗ ಸುಬ್ಬಮ್ಮ, "ನೋಡು, ನನ್ನ ಮಗ ಕಣ್ಣು ಮುಚ್ಕೊಂಡ, ತೃಪ್ತಿಯಾಯ್ತು ಅವನಿಗೆ" ಎಂದು ಎದೆ ಹೊಡೆದುಕೊಂಡಿದ್ದರು.

ವೇದಾ ಫೋನಿನಲ್ಲೇ ಇ-ಮೇಲ್ ನೋಡಿದಳು. ಕಂಪನಿಯ ಪತ್ರ ಬಂದು ಎಂಟು ದಿನವಾಗಿತ್ತು.

ಏಳನೇ ತರಗತಿಯ ಗಣಿತದ ಪಾಠಗಳನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ. ಮನೆಯಿಂದಲೇ ಮಾಡಬಹುದು. ಎಂ.ಎಸ್ಸಿ. ಮಾಡಿ ಆರು ವರ್ಷವಾದ ಮೇಲೆ ಅವಳಿಗೆ ಸಿಕ್ಕ ಮೊದಲ ಕೆಲಸ. ಮೂರು ಸಂದರ್ಶನಗಳೂ ಇದೇ ರೂಮಿನಲ್ಲಿ ನಡೆದಿದ್ದವು. ಒಳಗೆ ಅವಳು ಮಾತಾಡುತ್ತಿದ್ದಾಗ ಶರತ್ ಹೊರಗೆ ನಿಂತು ಮನೆಯವರ ಬಾಯಿ ಮುಚ್ಚಿಸುತ್ತಿದ್ದ. ಆಗಸ್ಟ್ ಒಂದಕ್ಕೆ ಸೇರಬೇಕು ಎಂದು ಪತ್ರದಲ್ಲಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ ಇನ್ನೊಂದು ಮಾತಿತ್ತು: ಸ್ವಂತ ಲ್ಯಾಪ್‌ಟಾಪ್ ಕಡ್ಡಾಯ. ಅದರ ಸೀರಿಯಲ್ ನಂಬರನ್ನು ಫಾರಂನಲ್ಲಿ ತುಂಬಿ ಕಳಿಸಿದರೆ ಮಾತ್ರ ಕೆಲಸ ಖಾತ್ರಿ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ವಿಷಯ ಎತ್ತಿದಳು. ಮುದ್ದೆ, ಸೊಪ್ಪಿನ ಸಾರು.

"ಮಾವ, ನಂಗೊಂದು ಲ್ಯಾಪ್‌ಟಾಪ್ ಬೇಕು. ಕೆಲಸ ಆಗಿದೆ. ಈ ತಿಂಗಳೊಳಗೆ ಬೇಕು."

ಮುನಿಶಾಮಪ್ಪ ಮುದ್ದೆ ಮುರಿದು ಸಾರಿನಲ್ಲಿ ಅದ್ದಿದರು. ನುಂಗಿ ಆಮೇಲೆ ಕೇಳಿದರು. "ಅವನ್ದಿತ್ತಲ್ಲ?"

"ಹಾಲು ಬಿದ್ದು ಹೋಗಿದೆ."

"ದೇವ್ರಿಗ್ ಬಿಟ್ಟ ಆಲಿಂದ ಯಾವ್ದೂ ಕೆಡಾಕಿಲ್ಲ," ಎಂದರು ಸುಬ್ಬಮ್ಮ. "ಬಿಸ್ಲಿಗಿಡು, ಸರಿಯಾಯ್ತದೆ."

ಸುಬ್ರಮಣಿ ನಕ್ಕ. ಇಪ್ಪತ್ತೊಂಬತ್ತರ ಸುಬ್ರಮಣಿ ಬಾಡಿಗೆ ವಸೂಲಿ ನೋಡಿಕೊಳ್ಳುತ್ತಿದ್ದ, ಉಳಿದ ಹೊತ್ತಿನಲ್ಲಿ ಫೋನಿನಲ್ಲಿ ಹೊಸ ಫೋನುಗಳ ವಿಡಿಯೋ ನೋಡುತ್ತಿದ್ದ. "ಅತ್ತಿಗೆ, ಈಗ ಲ್ಯಾಪ್‌ಟಾಪ್ ತಗೊಳ್ಳೋರು ದಡ್ಡರು ಕಣ್ರೀ. ಜನವರೀಲಿ ಹೊಸ ಚಿಪ್ ಬರ್ತಾ ಇದೆ. ಈಗಿಂದೆಲ್ಲ ಅರ್ಧ ರೇಟಿಗೆ ಬೀಳತ್ತೆ. ಆರು ತಿಂಗಳು ತಡ್ಕೊಳ್ಳಿ, ನಾನೇ ಕೊಡಿಸ್ತೀನಿ."

"ಕೆಲಸ ಆರು ತಿಂಗಳು ತಡ್ಕೊಳ್ಳಲ್ಲ ಸುಬ್ರಮಣಿ."

"ಅದೆಲ್ಲ ಆಮೇಕೆ," ಎಂದರು ಸುಬ್ಬಮ್ಮ. "ವರ್ಸದ ತಿಥಿ ಆಗಾಗಂಟ ಒಸ ವಸ್ತು ಈ ಮನೆ ಒಸ್ಲು ದಾಟಂಗಿಲ್ಲ. ನಮ್ಮತ್ತೆ ಸತ್ತಾಗ ಒಂದು ಒಸ ಪೊರಕೆ ಸೈತ ತಂದಿಲ್ಲ ನಾನು. ಮೋಟು ಪೊರಕೇಲೇ ವರ್ಸ ಗುಡಿಸ್ದೆ."

"ಹೊಸದು ಬೇಡ ಅತ್ತೆ. ಯಾರಾದ್ರೂ ಉಪಯೋಗಿಸಿದ ಹಳೇದೇ ಸಾಕು."

"ಯಾರ ಮನೆ ಪೀಡೆ ಏನೋ, ಸೂತ್ಕದ ಮನೇಗೆ ತರ್ತೀಯಾ?"

"ಸೆಕೆಂಡ್ ಹ್ಯಾಂಡಲ್ಲಿ ಬರೀ ಮೋಸ ಅತ್ತಿಗೆ," ಎಂದ ಸುಬ್ರಮಣಿ.

ಮುನಿಶಾಮಪ್ಪ ಕೈ ತೊಳೆಯುವುದಕ್ಕೆ ಎದ್ದರು. ನಲ್ಲಿಯ ಹತ್ತಿರ ನಿಂತು, ಎಂದಿನಂತೆ ನಿಧಾನವಾಗಿ ಹೇಳಿದರು. "ನಮ್ಮಣ್ಣ ಆತುರ ಬಿದ್ದು ಎಂಬತ್ತೆಂಟ್ರಲ್ಲೇ ಬೂಮಿ ಮಾರ್ದ. ಒಂದು ಸ್ಕೂಟ್ರು ತಗಂಡ, ಅಷ್ಟೆ. ಅವನ ಮಕ್ಳು ಇವತ್ತು ನಮ್ಮ ಬಿಲ್ಡಿಂಗ್‌ನಾಗೇ ಬಾಡಿಗೇಗವ್ರೆ. ನಾನು ಕಾದೆ. ಲೇಔಟ್ ಬರ್ಲಿ, ರೋಡ್ ಬರ್ಲಿ ಅಂತ ಕಾದೆ. ಕಾಯ್ದೋನು ಕೆಟ್ಟಿಲ್ಲ ಕಣಮ್ಮ. ವರ್ಸ ಕಳೀಲಿ. ಆಮೇಕೆ ನಿನ್ನ ವಿಚಾರ ಏನು ಅಂತ ಯೋಚ್ನೆ ಮಾಡಾನ."

ನಿನ್ನ ವಿಚಾರ. ಆ ಮಾತು ಅವಳ ತಟ್ಟೆಯಲ್ಲೇ ಉಳಿಯಿತು. ಮುದ್ದೆಯನ್ನು ಹಸುವಿನ ಬಕೆಟ್ಟಿಗೆ ಹಾಕಿ ಪಾತ್ರೆ ತೊಳೆಯಲು ಕೂತಳು.

*

ಜುಲೈ ಹೀಗೇ ಸಾಗಿತು. ಬೆಳಿಗ್ಗೆ ಮೋಟಾರು, ಸಂಪು, ಕಾಫಿ, ರಾಗಿ ಹಸನು ಮಾಡುವುದು. ಸಂಜೆ ಮಾತಾಡಿಸುವುದಕ್ಕೆ ಬರುವವರಿಗೆ ಟೀ. ಬಂದವರೆಲ್ಲ ಅವಳ ಕೊರಳನ್ನು ನೋಡಿ ಆಮೇಲೆ ಮುಖ ನೋಡುತ್ತಿದ್ದರು. ಶರತನ ಖಾತೆಯ ಹಣ ಕೇಳಲು ಹೋದಾಗ ಬ್ಯಾಂಕಿನವರು ಕಾಗದಪತ್ರ ಸಾಲದೆಂದು ಎರಡು ಸಲ ವಾಪಸು ಕಳಿಸಿದರು. ಅವಳದೆಂದು ಇದ್ದ ಸರ, ಬಳೆ ಸುಬ್ಬಮ್ಮನ ಹೆಸರಿನ ಲಾಕರಿನಲ್ಲಿದ್ದವು.

"ಒಂದು ಬಳೆ ಕೊಡಿ ಅತ್ತೆ, ಸಾಕು," ಎಂದು ಒಮ್ಮೆ ಕೇಳಿದಳು.

"ನಿನ್ನ ಚಿನ್ನ ಮಾರಿಸ್ದೆ ಅಂತ ಊರೋರ್ ಕೈಲಿ ಅನ್ನಿಸ್ಕಳಾನಾ ನಾನು? ಅವನು ಓದ ತಿಂಗ್ಳಲ್ಲಿ?" ಎಂದು ಸುಬ್ಬಮ್ಮ ಕಣ್ಣೀರು ಹಾಕಿದರು. ಆ ಕಣ್ಣೀರು ನಿಜವಾದದ್ದೇ. ಅದಕ್ಕೇ ವೇದಾಗೆ ಮತ್ತೆ ಕೇಳಲಾಗಲಿಲ್ಲ.

ಫೋನಿನ ಕರೆನ್ಸಿ ಮುಗಿದ ದಿನ ಸುಬ್ರಮಣಿಯ ಹತ್ತಿರ ಹೋದಳು.

"ಇಪ್ಪತ್ತೆಂಟು ದಿನದ್ದು ಹಾಕ್ಲಾ ಅತ್ತಿಗೆ, ಎಂಬತ್ನಾಲ್ಕರದ್ದು ಹಾಕ್ಲಾ? ನೀವೇನ್ ಜಾಸ್ತಿ ಮಾತಾಡಲ್ವಲ್ಲ, ಇಪ್ಪತ್ತೆಂಟು ಸಾಕಲ್ವಾ?"

"ಸಾಕು."

ಅಂಗಡಿಯಿಂದ ತಿಂಗಳ ಪ್ಯಾಡ್ ತರಿಸುವುದಕ್ಕೂ ಹೀಗೇ ಯಾರ ಮುಂದಾದರೂ ನಿಲ್ಲಬೇಕಿತ್ತು. ಶರತ್ ಇದ್ದಾಗ ಕೇಳುವುದು ಕೇಳುವುದೆಂದೇ ಅನ್ನಿಸಿರಲಿಲ್ಲ. ಈಗ ಪ್ರತಿ ಸಲವೂ ಲೆಕ್ಕಕ್ಕೆ ಬರುತ್ತಿತ್ತು. ಅವಳಿಗಿನ್ನೂ ಮೂವತ್ತು ವರ್ಷ. ಇನ್ನು ಎಷ್ಟು ಸಲ ಕೇಳಬೇಕು ಎಂದು ಒಮ್ಮೆ ಪಾತ್ರೆ ತಿಕ್ಕುತ್ತ ಲೆಕ್ಕ ಹಾಕತೊಡಗಿ, ಅರ್ಧಕ್ಕೇ ಬಿಟ್ಟಳು.

ಕಂಪನಿಯ ಹುಡುಗಿಗೆ ಫೋನ್ ಮಾಡಿದಳು.

"ಸಾರಿ ಫಾರ್ ಯುವರ್ ಲಾಸ್ ಮೇಡಂ," ಎಂದಿತು ಆ ಕಡೆಯ ಎಳೆ ದನಿ. "ಒಂದು ಸಲ ಮುಂದಕ್ಕೆ ಹಾಕ್ಬಹುದು. ಆಗಸ್ಟ್ ಹದಿನೆಂಟು, ಸಂಜೆ ಐದು ಗಂಟೆ ಒಳಗೆ ಫಾರಂ ಬರ್ಬೇಕು. ಆಮೇಲೆ ಲಿಸ್ಟಲ್ಲಿ ನೆಕ್ಸ್ಟ್ ಇರೋರಿಗೆ ಹೋಗತ್ತೆ. ನನ್ ಕೈಲಿ ಇರೋದು ಅಷ್ಟೇ ಮೇಡಂ."

ಆ ರಾತ್ರಿಯ ಊಟದಲ್ಲಿ ಅವಳು ಮತ್ತೆ ಕೇಳಿದಳು. ಸುಬ್ರಮಣಿ ಮತ್ತೆ ಜನವರಿ ಎಂದ. ಮುನಿಶಾಮಪ್ಪ ಮತ್ತೆ, ಕಾಯ್ದೋನು ಕೆಟ್ಟಿಲ್ಲ ಎಂದರು.

"ಅವರೂ ಕಾದ್ರಲ್ಲ ಮಾವ," ಎಂದಳು ವೇದಾ. ಅವಳ ದನಿ ಏರಲಿಲ್ಲ. "ಶುಕ್ರವಾರ ಎದೆ ನೋವು ಬಂತು. ಗ್ಯಾಸು, ಸೋಮವಾರ ತೋರ್ಸೋಣ ಅಂದ್ರು. ನೀವು ಹೂಂ ಅಂದ್ರಿ. ಅತ್ತೆ ಓಮದ ನೀರು ಕೊಟ್ರು. ನಾನೂ ಹೂಂ ಅಂದೆ. ಭಾನುವಾರ ಹೋಗ್ಬಿಟ್ರು."

ಸುಬ್ರಮಣಿ ಫೋನು ಕೆಳಗಿಟ್ಟ. ಮುನಿಶಾಮಪ್ಪ ಅರ್ಧ ಊಟಕ್ಕೇ ಎದ್ದು, ಕೈಯನ್ನೂ ತೊಳೆಯದೆ ಹೊರಗೆ ಹೋಗಿ ಜಗಲಿಯ ಮೇಲೆ ಕೂತರು.

"ಉಣ್ಣೋ ಒತ್ನಲ್ಲಿ ಇಂಗಾ ಮಾತಾಡಾದು?" ಎಂದು ಸುಬ್ಬಮ್ಮ ಕೇಳಿದರು. "ಎತ್ತ ಒಟ್ಟೆ ಕಣೇ ಇದು."

ಅದಾದ ಮೇಲೆ ಹತ್ತು ದಿನ ಆ ಮನೆಯಲ್ಲಿ ಲ್ಯಾಪ್‌ಟಾಪಿನ ಮಾತು ಬರಲಿಲ್ಲ.

*

ಆಗಸ್ಟ್ ಮೊದಲ ವಾರದಲ್ಲಿ ಗಯಾಸ್ ಬಂದ. ಯಲಹಂಕದ ದಿನಗಳಿಂದ ಶರತನ ಗೆಳೆಯ, ಅವನಿಗಿಂತ ಏಳೆಂಟು ವರ್ಷ ದೊಡ್ಡವನು. ಆರ್.ಟಿ. ನಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ಊರಲ್ಲಿರಲಿಲ್ಲ, ಬಂದ ಮೇಲೆ ಗೊತ್ತಾಯಿತು ಎಂದು ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಮುನಿಶಾಮಪ್ಪನವರ ಎರಡೂ ಕೈ ಹಿಡಿದುಕೊಂಡು ನಿಂತ. ವೇದಾ ಟೀ ತಂದಳು. ಗೆಳೆಯನ ಹೆಂಡತಿಯನ್ನು ನೋಡಿ ಅವನು ಟೀ ಲೋಟದ ಕಡೆಗೆ ಕಣ್ಣಿಳಿಸಿದ.

"ನೀವು ಬಂದಿದ್ದು ಒಳ್ಳೇದಾಯ್ತು ಗುರು," ಎಂದ ಸುಬ್ರಮಣಿ. "ಅಣ್ಣಂದೊಂದು ಲ್ಯಾಪ್‌ಟಾಪ್ ಇದೆ, ಆನ್ ಆಗ್ತಾ ಇಲ್ಲ. ಪಾರ್ಟ್ಸಿಗಾದ್ರೂ ತಗೊಂಡು ಏನಾದ್ರೂ ಕೊಡಿ."

ಒಳಗಿಂದ ತಂದು ಕೊಟ್ಟ. ಗಯಾಸ್ ಅದನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತೆರೆದ, ಮೂಗು ಹತ್ತಿರ ತಂದ, ತಿರುಗಿಸಿ ಅಡಿ ನೋಡಿದ. ಅಡಿಯಲ್ಲಿ ಒಂದು ಮೂಲೆಗೆ ಬಣ್ಣದ ಚಿಟ್ಟೆಯ ಸ್ಟಿಕ್ಕರ್ ಅಂಟಿತ್ತು. ಅವನ ಹೆಬ್ಬೆರಳು ಅದರ ಮೇಲೆ ಒಂದು ಸಲ ಓಡಾಡಿತು.

"ಆಯ್ತು, ತಗೊಂಡೋಗಿ ನೋಡ್ತೀನಿ," ಎಂದಷ್ಟೇ ಹೇಳಿ ಎದ್ದ.

ವೇದಾ ಗೇಟಿನವರೆಗೂ ಅವನ ಹಿಂದೆ ಹೋದಳು. "ಗಯಾಸಣ್ಣ, ಆ ಸ್ಟಿಕ್ಕರ್ ಯಾರದು?"

"ಬಿಡಿ ಭಾಭಿ."

"ಹೇಳಿ."

ಅವನು ಸ್ಕೂಟರಿನ ಸೀಟಿನ ಧೂಳನ್ನು ಕೈಯಲ್ಲೇ ಒರೆಸಿದ. "ನನ್ನ ಮಗಳದು. ಹೋದ ಡಿಸೆಂಬರಲ್ಲಿ ಶರತ್ ಅಂಗಡಿಗೆ ಬಂದ. ವೇದಾ ಇಂಟರ್‌ವ್ಯೂ ಕೊಡ್ತಾಳೆ, ಒಂದು ಲ್ಯಾಪ್‌ಟಾಪ್ ಕೊಡ್ಸಬೇಕು, ಈಗ ತಗೊಳ್ಲಾ ಅಂದ. ತಗೋ ಮಚ್ಚಾ ಅಂದೆ. ಬೇಡ, ಜೂನಲ್ಲಿ ಹೊಸ ಮಾಡೆಲ್ ಬರುತ್ತಂತೆ, ಅಲ್ಲೀವರೆಗೂ ಒಂದು ಕೊಟ್ಟಿರು ಅಂದ. ಮಗಳು ಸೆಕೆಂಡ್ ಪಿಯುಸಿ ಓದ್ತಾ ಇದ್ಲು, ಪರೀಕ್ಷೆ ಇತ್ತು, ಲ್ಯಾಪ್‌ಟಾಪ್ ಇದ್ರೆ ಆಟ ಆಡ್ತಾಳೆ ಅಂತ ಅವಳದನ್ನೇ ಕಿತ್ಕೊಂಡು ಕೊಟ್ಟೆ." ನಗಲು ಪ್ರಯತ್ನಿಸಿದ. "ಈಗ ಅವಳಿಗೆ ಇಂಜಿನಿಯರಿಂಗ್ ಸೀಟಾಗಿದೆ. ಇಪ್ಪತ್ತಕ್ಕೆ ಕಾಲೇಜು. ಅದಕ್ಕೇನಿಲ್ಲ ಭಾಭಿ, ನಂದೇ ಅಂಗಡಿ. ಏನಾದ್ರೂ ಮಾಡ್ತೀನಿ. ಮನೇಲಿ ಹೇಳ್ಬೇಡಿ."

ವೇದಾ ನೇರವಾಗಿ ಒಳಗೆ ಹೋಗಿ ಮನೆಯಲ್ಲಿ ಹೇಳಿದಳು.

ಮುನಿಶಾಮಪ್ಪ, "ಅವನೇನು ಕೇಳ್ಲಿಲ್ವಲ್ಲ, ನಿಧಾನಕ್ಕೆ ನೋಡಾನ" ಎಂದರು. ಸುಬ್ಬಮ್ಮ ಮೊರವನ್ನು ಕೆಳಗಿಟ್ಟು ಎದ್ದು ನಿಂತರು. ಮಗ ಸತ್ತ ದಿನ ಕೂಡ ಅವರ ಮುಖ ಹಾಗಾಗಿದ್ದನ್ನು ವೇದಾ ನೋಡಿರಲಿಲ್ಲ.

"ಇಸ್ಕಂಡಿದ್ದು ಕೊಡ್ದೆ ಓಗವ್ನಾ ನನ್ನ ಮಗ? ಓಗಿದ್ದೇ ಓಗಿದ್ದು, ಇನ್ನೊಬ್ರ ವಸ್ತು ಕೈಲಿಡ್ಕಂಡು ಓಗವ್ನಾ? ಅದ್ನೇ ಎಡೇಗಿಟ್ಟು ಆಲುತುಪ್ಪ ಬಿಟ್ವಲ್ಲೋ! ಯಾರ್ದೋ ಮಗೀನ ವಸ್ತುಗೆ! ಅವನಿಗೆ ದಾರಿ ಸಿಕ್ಕಾಕಿಲ್ಲ. ಅಲ್ಲೇ ಒಸ್ಲಲ್ಲೇ ನಿಂತಿರ್ತಾನೆ. ಕೊಡ್ರೋ. ಒಸದು ತಂದು ಕೊಡ್ರೋ. ನಾಳೇನೇ ತನ್ನಿ!"

"ಹೊಸದು ಹೊಸಿಲು ದಾಟ್ಬಾರ್ದು ಅಂದ್ಯಲ್ಲಮ್ಮ," ಎಂದ ಸುಬ್ರಮಣಿ.

"ಮನೇಗ್ಯಾಕೋ ತರ್ತೀಯ? ಅಂಗ್ಡೀಲಿ ತಗಂಡು ಅಂಗೇ ಅವನಿಗೆ ಕೊಡು. ಎಂಡ್ತಿ ಕೈಯಿಂದ್ಲೇ ಓಗ್ಬೇಕು ಅದು. ಅವ್ಳೇ ಕೊಟ್ಟು ಬರ್ಬೇಕು."

ವೇದಾ ಗೋಡೆಗೆ ಒರಗಿ ನಿಂತಿದ್ದಳು. "ತರೋದಾದ್ರೆ ಎರಡು ತನ್ನಿ," ಎಂದಳು. "ಒಂದು ಅವರಿಗೆ, ಒಂದು ನಂಗೆ. ನಿಮ್ಮ ಕಾಲಿಗೆ ಬೀಳ್ತೀನಿ ಅತ್ತೆ. ಹದಿನೆಂಟಕ್ಕೆ ಮುಗಿದೋಗತ್ತೆ."

ಹೇಳಿದ್ದಷ್ಟೇ ಅಲ್ಲ, ನಿಜವಾಗಿಯೂ ಬಿದ್ದಳು. ಸಿಮೆಂಟು ನೆಲ ಹಣೆಗೆ ತಣ್ಣಗಿತ್ತು. ಸುಬ್ಬಮ್ಮ ಅವಳನ್ನು ಎರಡೂ ತೋಳಿಂದ ಎತ್ತಿ ಎದೆಗೊತ್ತಿಕೊಂಡರು. ಇಬ್ಬರೂ ಅತ್ತರು. ಅಳುತ್ತಲೇ ಸುಬ್ಬಮ್ಮ ಹೇಳಿದರು. "ಅದು ಆಚೆ ಓಗಾದು ಕಣವ್ವಾ, ನಿಂದು ಒಳೀಕ್ ಬರಾದು. ಒಂದೇ ವರ್ಸ ತಡ್ಕ. ನನ್ನ ಮಗನ ವರ್ಸ ಕಣೇ ಅದು."

*

ದುಡ್ಡು ಬಿಚ್ಚುವುದಕ್ಕೆ ಮುನಿಶಾಮಪ್ಪನವರಿಗೆ ಹತ್ತು ದಿನ ಬೇಕಾಯಿತು. ಲ್ಯಾಪ್‌ಟಾಪ್ ಕೊಳ್ಳಲು ಸುಬ್ರಮಣಿಗೆ ಮುಕ್ಕಾಲು ಗಂಟೆ ಸಾಕಾಯಿತು. ಹದಿನೆಂಟನೇ ತಾರೀಕು, ಸೋಮವಾರ ಮಧ್ಯಾಹ್ನ, ಯಲಹಂಕ ನ್ಯೂಟೌನಿನಿಂದ ಡಬ್ಬ ಹಿಡಿದು ಬಂದು ಗೇಟಿನ ಹೊರಗೇ ನಿಂತು ಹಾರನ್ ಹೊಡೆದ. ವೇದಾ ಚಪ್ಪಲಿ ಮೆಟ್ಟಿ ಹೊರಗೆ ಬಂದಳು.

"ಜನವರೀಲಿ ಹೊಸ ಚಿಪ್ ಬರುತ್ತಲ್ಲ ಸುಬ್ರಮಣಿ?"

ಅವನ ಕಿವಿ ಕೆಂಪಾಯಿತು. "ಇದು ಕೊಡೋದು ಅತ್ತಿಗೆ. ಅದು ಬೇರೆ."

ಆಟೋದಲ್ಲಿ ಡಬ್ಬ ಅವಳ ತೊಡೆಯ ಮೇಲಿತ್ತು. ಎಣಿಸಿದ್ದಕ್ಕಿಂತ ಹಗುರವಾಗಿತ್ತು. ಬಿ.ಇ.ಎಲ್. ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತಾಗ ಡಬ್ಬದ ಪಕ್ಕದಲ್ಲಿ ಅಚ್ಚಾದ ಸೀರಿಯಲ್ ನಂಬರ್ ಕಣ್ಣಿಗೆ ಬಿತ್ತು. ಫೋನು ತೆಗೆದು ಕಂಪನಿಯ ಫಾರಂ ತೆರೆದಳು. ಹೆಸರು, ವಿಳಾಸ, ಎಲ್ಲ ತಿಂಗಳ ಹಿಂದೆಯೇ ತುಂಬಿತ್ತು. ಸೀರಿಯಲ್ ನಂಬರಿನ ಮನೆಯೊಂದೇ ಖಾಲಿಯಿತ್ತು. ಹಸಿರು ದೀಪ ಬರುವಷ್ಟರಲ್ಲಿ ನಂಬರು ತುಂಬಿದ್ದಳು. ಕಳಿಸುವ ಗುಂಡಿ ಒತ್ತಲಿಲ್ಲ. ಹೆಬ್ಬಾಳ ದಾಟುವವರೆಗೂ ಹೆಬ್ಬೆರಳು ಅದರ ಮೇಲೇ ಇತ್ತು.

ಗಯಾಸನ ಅಂಗಡಿಯಲ್ಲಿ ಅವನ ಮಗಳೂ ಇದ್ದಳು. ಎರಡು ಜಡೆಯ ತೆಳು ಹುಡುಗಿ, ಟೇಬಲ್ಲಿನ ಮೂಲೆಯಲ್ಲಿ ಕೂತು ಪುಸ್ತಕಕ್ಕೆ ಬೈಂಡು ಹಾಕುತ್ತಿದ್ದಳು. ಗೋಡೆಯ ಗಡಿಯಾರದಲ್ಲಿ ನಾಲ್ಕೂಕಾಲು.

ವೇದಾ ಡಬ್ಬವನ್ನು ಕೌಂಟರಿನ ಮೇಲಿಟ್ಟಳು. ಕೈ ತೆಗೆಯಲಿಲ್ಲ.

"ಇದೆಲ್ಲ ಯಾಕೆ ಭಾಭಿ? ಹೊಸದಾ?" ಗಯಾಸ್ ಡಬ್ಬ ನೋಡಿದ, ಅವಳ ಕೈ ನೋಡಿದ, ಪಕ್ಕದಲ್ಲಿ ಬೆಳಗುತ್ತಿದ್ದ ಫೋನನ್ನೂ ನೋಡಿದ. "ನಿಮ್ಮ ಕೆಲಸ ಏನಾಯ್ತು? ಶರತ್ ಹೇಳ್ತಿದ್ದ."

"ಇವತ್ತು ಐದು ಗಂಟೆಗೆ ಕಡೆ."

"ಲ್ಯಾಪ್‌ಟಾಪ್ ಸಿಕ್ತಾ?"

ಅವಳು ಡಬ್ಬದ ಅಂಚನ್ನು ಉಗುರಿನಿಂದ ಒತ್ತಿದಳು.

ಗಯಾಸ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ಹಂಗಾದ್ರೆ ಇದನ್ನ ನೀವೇ ಇಟ್ಕೊಳ್ಳಿ. ಮಗಳ ಹಳೇದನ್ನ ನಾನು ರೆಡಿ ಮಾಡ್ಕೊಂಡಿದೀನಿ. ಮನೇಲಿ ಕೊಟ್ಟೆ ಅಂತ್ಲೇ ಹೇಳಿ, ನಾನೂ ಇಸ್ಕೊಂಡೆ ಅಂತೀನಿ. ನಿಮ್ಮತ್ತೆ ಇಲ್ಲಿಗೆ ಬಂದು ನೋಡ್ತಾರಾ? ನೀವು ಇಲ್ಲೇ ಬಂದು ಕೆಲಸ ಮಾಡಿ ಬೇಕಾದ್ರೆ, ಆ ಮೂಲೆ ಖಾಲಿ ಇದೆ."

"ಹಳೇದು ಸರಿಯಾಯ್ತಾ?"

"ಫಸ್ಟ್ ಕ್ಲಾಸ್."

"ಆನ್ ಆಗತ್ತಾ?"

"ಆಗತ್ತೆ ಅಂದ್ನಲ್ಲ."

ಎಷ್ಟೋ ದಿನದ ಮೇಲೆ ಅವಳಿಗೆ ತನ್ನ ಉಸಿರಿನ ಸದ್ದು ಕೇಳಿಸಿತು. ಫೋನು ಎತ್ತಿಕೊಂಡಳು.

"ಅಬ್ಬಾ," ಎಂದು ಅಪ್ಪನನ್ನು ಕರೆದಳು ಹುಡುಗಿ, ಬೈಂಡಿನಿಂದ ತಲೆ ಎತ್ತದೆ. "ಹಳೇದರ ಮದರ್‌ಬೋರ್ಡೇ ಹೋಗಿದೆ ಅಂದ್ಯಲ್ಲ ನಿನ್ನೆ. ಫ್ರೆಂಡ್ ಹತ್ರ ಶೇರ್ ಮಾಡ್ಕೋ, ದೀಪಾವಳಿ ಹೊತ್ತಿಗೆ ನೋಡೋಣ ಅಂತಾನೂ ಅಂದ್ಯಲ್ಲ."

"ನೀನು ಸುಮ್ನಿರು."

"ನೀನೇ ಅಂದಿದ್ದು. ಹಾಸ್ಟೆಲಲ್ಲಿ ಯಾರು ಶೇರ್ ಮಾಡ್ತಾರೆ? ಹೊಸದು ಬಂದ್ಮೇಲೆ ತಗೊಳ್ಳೋಣ, ಈಗ ಕಾಯಿ ಅಂತ..."

"ಸುಮ್ನಿರು ಅಂದ್ನಲ್ಲ!"

ಹುಡುಗಿಯ ಕತ್ತರಿ ಕಾಗದದ ಮೇಲೆ ಓಡಿತು.

ವೇದಾಳ ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಅತ್ತೆ.

"ಕೊಟ್ಯಾ? ಅವ್ನು ಕೈಯಾರ ಇಸ್ಕಂಡ್ನಾ?" ಸುಬ್ಬಮ್ಮನ ದನಿ ಒಣಗಿಹೋಗಿತ್ತು. "ಬೆಳಗಿಂದ ಒಂದು ಗುಟುಕು ನೀರು ಕುಡಿದಿಲ್ಲ ಕಣೇ ನಾನು. ಒಸ್ಲಲ್ಲೇ ಕುಂತಿವ್ನಿ. ಕೊಟ್ಯಾ ಏಳು."

ಕೊಟ್ಟೆ ಎಂದುಬಿಡಬಹುದಿತ್ತು. ಗಯಾಸ್ ಅವಳ ಮುಖವನ್ನೇ ನೋಡುತ್ತ, ಹೂಂ ಅನ್ನಿ ಎಂದು ತಲೆಯಾಡಿಸುತ್ತಿದ್ದ. ಗಡಿಯಾರದಲ್ಲಿ ನಾಲ್ಕು ಇಪ್ಪತ್ತೈದು.

"ಒಂದು ನಿಮಿಷ ಇರಿ ಅತ್ತೆ. ಫೋನ್ ಇಡಬೇಡಿ."

ಕರೆಯನ್ನು ಹಾಗೇ ಬಿಟ್ಟು ಫಾರಂಗೆ ಹೋದಳು. ತುಂಬಿದ್ದ ನಂಬರನ್ನು ಕೊನೆಯಿಂದ ಒಂದೊಂದೇ ಅಳಿಸಿದಳು. ಫಾರಂನ ಆ ಮನೆ ಮತ್ತೆ ಖಾಲಿಯಾಯಿತು. ಫೋನನ್ನು ಕೌಂಟರಿನ ಮೇಲಿಟ್ಟು, ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಗಯಾಸನನ್ನು ದಾಟಿ ಟೇಬಲ್ಲಿನ ಮೂಲೆಗೆ ಹೋದಳು.

"ಆಂಟಿ, ಬೇಡ, ಅಬ್ಬಾ ಬಯ್ತಾರೆ," ಎಂದಳು ಹುಡುಗಿ.

"ತಗೋ. ನಿಂದು ಇಸ್ಕೊಂಡಿದ್ವಿ."

ಹುಡುಗಿ ಕತ್ತರಿ ಕೆಳಗಿಟ್ಟು, ಕೈಯ ಅಂಟನ್ನು ಚೂಡಿದಾರಕ್ಕೆ ಒರೆಸಿಕೊಂಡು ಎದ್ದು ನಿಂತಳು. ವೇದಾ ಡಬ್ಬವನ್ನು ಅವಳ ಕೈಗಿಟ್ಟಳು. ಕೊಟ್ಟ ಮೇಲೂ ಬೆರಳುಗಳು ಬಿಡಲಿಲ್ಲ. ಹುಡುಗಿಯೇ ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು.